ಸುಬೇದಾರರ ಬೆರಳು

ಮೊನ್ನೆ ಹಬ್ಬ ಮುಗಿದ ಮೇಲೆ ಸೊಸೆ ಹೊಲಿಗೆ ಮಿಷನ್ನಿಗೆ ಹಚ್ಚಿದ್ದ ಗಂಧವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದಳು. ಎರಡೂ ಬೆರೆತ ಆ ವಾಸನೆ ಅಡುಗೆಮನೆಗೂ ಬಂತು. ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ನಾನು ಸೌಟು ಹಿಡಿದು ಹಾಗೇ ನಿಂತೆ. ಜಯನಗರದ ನಮ್ಮ ಮೊದಲ ಬಾಡಿಗೆ ಮನೆ, ಪಕ್ಕದ ಸುಬೇದಾರರ ಜಗಲಿ...

ನಾನು ಮದುವೆಯಾಗಿ ಬಂದ ಹೊಸತು. ಅರವತ್ತರ ದಶಕದ ಆರಂಭ. ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ತ್ಯಾಗರಾಜನಗರದ ಕಡೆಯಿಂದ ಯಾರು ನಡೆದು ಬಂದರೂ ನಮ್ಮ ಬಾಗಿಲಿಗೆ ಕಾಣುತ್ತಿತ್ತು. ಸುಬೇದಾರರು ಪಟಾಲಮ್ಮಿನಿಂದ ನಿವೃತ್ತರಾದವರು. ಸೊಪ್ಪು ತರಲು ಹೋದರೂ ಕವಾಯತಿನ ನಡಿಗೆ. ಅವರನ್ನು ದೊಡ್ಡಪ್ಪ, ಅವರ ಮನೆಯಾಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದೆ.

ಅವರಲ್ಲಿ ತಾತನ ಕಾಲದ, ಕುದುರೆ ಪಡೆಯ ಪಿಸ್ತೂಲೊಂದಿತ್ತು. ನಳಿಗೆಯ ಬಾಯಿಗೆ ಸೀಸ ಹೊಯ್ದು ಮುಚ್ಚಿದ್ದರಿಂದ ಗುಂಡು ಹಾರುವಂತಿರಲಿಲ್ಲ. ಕೇಪು ಇಟ್ಟು ಟ್ರಿಗರ್ ಎಳೆದರೆ ಸದ್ದು ಮಾತ್ರ. ದಸರಾ ಕಳೆದ ಭಾನುವಾರ ಬಡಾವಣೆಯ ಆಟೋಟದಲ್ಲಿ ಓಟ ಶುರುವಾಗುತ್ತಿದ್ದುದು ಆ ಸದ್ದಿನಿಂದ. ಆ ಒಂದು ದಿನಕ್ಕಾಗಿ ದೊಡ್ಡಪ್ಪ ವರ್ಷವೆಲ್ಲ ಮೀಸೆ ತಿದ್ದುತ್ತಾರೆ ಎಂದು ನಮ್ಮ ಮನೆಯವರು ನಗುತ್ತಿದ್ದರು.

ಬರಬರುತ್ತಾ ಬಿಗಿಯಾಗುತ್ತಿದ್ದ ಟ್ರಿಗರ್ ಒಂದು ವರ್ಷ ಹಠ ಹಿಡಿದು ಕೂತಿತು. ದೊಡ್ಡಪ್ಪ "ರೆಡಿ" ಅಂದರು, ಎಳೆದರು. ಮತ್ತೆ ಎಳೆದರು. ಓಡಲು ಬಗ್ಗಿದವರು ಬಗ್ಗಿಯೇ ಇದ್ದಾರೆ. ಎರಡೂ ಕೈ ಹಾಕಿದರು, ಮುಖ ಬೀಟ್‌ರೂಟಿನಂತಾಯಿತು. ಬಗ್ಗಿದವರಲ್ಲೊಬ್ಬರು ಸೊಂಟ ಹಿಡಿದು ಕೂತೇಬಿಟ್ಟರು. ಏನಾಗಿದೆಯೆಂದು ನೋಡಲು ಪಿಸ್ತೂಲು ಕೆಳಗಿಳಿಸಿದಾಗ ಅದು ಟಪ್ ಎಂದಿತು. ಓಡಿದ್ದು ಪಕ್ಕದಲ್ಲಿ ಮೇಯುತ್ತಿದ್ದ ಎಮ್ಮೆ ಮಾತ್ರ.

"ಬೇಜಾರ್ ಮಾಡ್ಕೋಬೇಡಿ ಸುಬೇದಾರ್ರೇ," ಅಂದರು ಸಂಘದ ಕಾರ್ಯದರ್ಶಿಗಳು. "ವಯಸ್ಸಾಯ್ತು, ಬೆರಳಲ್ಲಿ ಕಸುವಿಲ್ಲ. ಮುಂದಿನ್ ವರ್ಷದಿಂದ ಸೀಟಿ ಊದಿಸ್ಬಿಡೋಣ."

"ಒಂದೇ ಒಂದು ಚಾನ್ಸ್ ಕೊಡಿ ಸಾರ್. ಆಗ್ದಿದ್ರೆ ಸೀಟಿ ನಾನೇ ತಂದ್ಕೊಡ್ತೀನಿ."

ಪಿಸ್ತೂಲನ್ನು ಅಂದಿದ್ದರೆ ಸಹಿಸುತ್ತಿದ್ದರೇನೋ, ಬೆರಳನ್ನು ಅಂದದ್ದು ನಾಟಿತು. ಹಾಗಾಗಿ ಪಿಸ್ತೂಲು ಬಿಟ್ಟು ಬೆರಳನ್ನೇ ರಿಪೇರಿಗೆ ಹಿಡಿದರು. "ಹುಚ್ಚು ಕಣಮ್ಮಾ ಇವ್ರಿಗೆ," ಎಂದು ದೊಡ್ಡಮ್ಮ ಕಾಂಪೌಂಡಿನಾಚೆಯಿಂದ ಗೋಳಾಡುತ್ತಿದ್ದರು. "ನೀರಿನ ಬಕೀಟು ಒಂದ್ ಬೆರಳಲ್ಲಿ ಎತ್ತೋದು, ನಿಂಬೆಹಣ್ಣು ಹಿಸುಕೋದು. ದಿನಾ ಚಿತ್ರಾನ್ನ ತಿಂದು ಸಾಕಾಯ್ತು." ಬೆರಳು ಊದಿತೇ ಹೊರತು ಟ್ರಿಗರ್ ಜಗ್ಗಲಿಲ್ಲ.

ಮರುವರ್ಷ ನವರಾತ್ರಿ ಹತ್ತಿರ ಬಂದಾಗ ದೊಡ್ಡಪ್ಪ ನನ್ನಲ್ಲಿ ಹೊಲಿಗೆ ಮಿಷನ್ನಿನ ಎಣ್ಣೆ ಕೇಳಲು ಬಂದರು. ಮುಖ ಸಪ್ಪಗಿತ್ತು. "ನನ್ ಮಿಷನ್ ಬಿಗಿಯಾದ್ರೆ ಬಿಚ್ಚಿ ನೋಡ್ತೀನಿ ದೊಡ್ಡಪ್ಪ, ಒಳಗೆ ದಾರ ಸಿಕ್ಕೊಂಡಿರತ್ತೆ," ಅಂದೆ.

"ತಾತನ ಪಿಸ್ತೂಲಮ್ಮಾ ಅದು! ಹೊಲಿಗೆ ಮಿಷನ್ನಾ?" ಎಂದು ಗದರಿ ಹೋದವರು, ಸಂಜೆ ನೋಡಿದರೆ ಜಗಲಿಯಲ್ಲಿ ಪೇಪರ್ ಹಾಸಿ ಸ್ಕ್ರೂ ಬಿಚ್ಚುತ್ತಿದ್ದರು.

ಒಳಗೆ ಎಷ್ಟೋ ವರ್ಷದ ಆಯುಧಪೂಜೆ ಇತ್ತು. ದೊಡ್ಡಮ್ಮ ಭಕ್ತಿಯಿಂದ ಬಳಿದ ಗಂಧ, ಕುಂಕುಮ ಸಂದಿಯಲ್ಲಿಳಿದು, ಎಣ್ಣೆ ಜಿಡ್ಡಿನೊಂದಿಗೆ ಕಲ್ಲಾಗಿ ಸ್ಪ್ರಿಂಗನ್ನು ಕಚ್ಚಿಕೊಂಡಿತ್ತು. ನಡುವೆ ಅಕ್ಷತೆ ಕಾಳು; ಒಣಗಿದ ಸೇವಂತಿಗೆ ಎಸಳು ಕೂಡ.

"ನನ್ ಬೆರಳಲ್ಲ!" ದೊಡ್ಡಪ್ಪ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. "ಬಾರೇ ಇಲ್ಲಿ, ನನ್ ಬೆರಳಲ್ಲ ಕಣೇ!"

"ಹಂಗಾದ್ರೆ ನನ್ ಪೂಜೆ ಅಂತೀರೇನು?" ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು.

ಸೀಮೆಎಣ್ಣೆಯಲ್ಲಿ ನೆನೆಸಿ, ದೊಡ್ಡಮ್ಮನದೇ ಹೇರ್‌ಪಿನ್ನಿನಿಂದ ಕೆರೆದು, ಟ್ರಿಗರಿಗೆ ತಾಗುವ ತರಿತರಿ ಕೊಂಡಿಯನ್ನು ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ನುಣುಪು ಮಾಡಿದರು. ಕೆರೆದದ್ದನ್ನು ಕಸಕ್ಕೆ ಹಾಕಲು ದೊಡ್ಡಮ್ಮ ಬಿಡಲಿಲ್ಲ; ಪ್ರಸಾದವೆಂದು ತುಳಸಿ ಬುಡಕ್ಕೇ ಹಾಕಿದರು. ಸೀಮೆಎಣ್ಣೆ ಕುಡಿದ ತುಳಸಿ ವಾರದಲ್ಲಿ ಒಣಗಿತು. ಅದಕ್ಕೂ ದೊಡ್ಡಪ್ಪನೇ ಬೈಸಿಕೊಂಡರು.

ಆಯುಧಪೂಜೆಯ ದಿನ ಪಿಸ್ತೂಲಿಗೆ ಗಂಧ ಮುಟ್ಟಿಸಕೂಡದೆಂದು ಕಟ್ಟಪ್ಪಣೆಯಾಯಿತು. ಆಯುಧವನ್ನು ಪೂಜೆಯಿಲ್ಲದೆ ಬಿಡಲು ದೊಡ್ಡಮ್ಮನಿಗೆ ಮನಸ್ಸು ಬರಬೇಕಲ್ಲ! ಗಂಡನನ್ನು ಮಣೆಯ ಮೇಲೆ ಕೂರಿಸಿ, ಆ ತೋರುಬೆರಳಿಗೇ ಗಂಧ, ಕುಂಕುಮವಿಟ್ಟು ಸೇವಂತಿಗೆ ಕಟ್ಟಿ ಮಂಗಳಾರತಿ ಎತ್ತಿಬಿಟ್ಟರು. "ಪಿಸ್ತೂಲು ಮುಟ್ಬೇಡ ಅಂದ್ರಿ. ಬೆರಳು ಮುಟ್ಬೇಡ ಅಂದ್ರಾ?"

ಪೂಜೆಗಿಟ್ಟ ಆಯುಧವನ್ನು ವಿಜಯದಶಮಿವರೆಗೆ ಬಳಸುವಂತಿಲ್ಲ. ನಾನು ಕೋಸಂಬರಿ ಕೊಡಲು ಹೋದಾಗ ದೊಡ್ಡಪ್ಪ ಹೂ ಮುಡಿದ ಬೆರಳನ್ನು ಮೇಲೆತ್ತಿ ಹಿಡಿದು, ಎಡಗೈಯಲ್ಲಿ ಚಮಚದಿಂದ ಪಾಯಸ ತಿನ್ನುತ್ತಿದ್ದರು. "ಇದು ರಜದ ಮೇಲಿದೆಯಮ್ಮಾ," ಅಂದರು.

ಭಾನುವಾರ ಬಂತು. ಮೈದಾನದಲ್ಲಿ ಓಡುವ ಗಂಡಸರು ಗೆರೆಯ ಮೇಲೆ ಸಾಲುಗಟ್ಟಿ ನಿಂತಿದ್ದಾರೆ. ಕಾರ್ಯದರ್ಶಿಗಳು ಭಾಷಣ ಶುರುಮಾಡಿ ಬಹಳ ಹೊತ್ತಾಗಿತ್ತು. "ಆರೋಗ್ಯವೇ ಭಾಗ್ಯ ಎಂದು ನಮ್ಮ ಹಿರಿಯರು..." ದೊಡ್ಡಪ್ಪ ಸಿದ್ಧವಾಗಿರೋಣವೆಂದು ಪಿಸ್ತೂಲು ಎತ್ತಿದರು. ಬಕೀಟು ಎತ್ತಿ ಪಳಗಿದ ಬೆರಳು, ಬೆಣ್ಣೆಯಂಥ ಟ್ರಿಗರ್. ತಾಗಿತೋ ಇಲ್ಲವೋ, ಟಪ್! ಗಂಡಸರೆಲ್ಲ ಓಡಿದರು. ಚಮಚದಲ್ಲಿ ನಿಂಬೆಹಣ್ಣಿಟ್ಟುಕೊಂಡು ಸರದಿ ಕಾಯುತ್ತಿದ್ದ ನಾವು ಹೆಂಗಸರೂ ಓಡಿದೆವು. ಭಾಷಣದ ಹಾಳೆ ಹಿಡಿದ ಕಾರ್ಯದರ್ಶಿಗಳು ಮೈಕಿನ ಮುಂದೆ ಒಬ್ಬರೇ ಉಳಿದರು.

ಎಲ್ಲರೂ ನಕ್ಕು ಸುಸ್ತಾದ ಮೇಲೆ ಅವರು ಹತ್ತಿರ ಬಂದು, "ಬೆರಳಿನ್ ವಿಷ್ಯ ಅಂದದ್ದು ವಾಪಸ್ ತಗೊಂಡೆ. ಮುಂದಿನ್ ವರ್ಷಾನೂ ನೀವೇ. ಆದ್ರೆ ನನ್ ಭಾಷಣ ಮುಗಿಯೋವರ್ಗೂ ಆ ಕೈ ಜೇಬಲ್ಲಿರ್ಲಿ ಸಾರ್," ಅಂದರು. ದೊಡ್ಡಪ್ಪ ಸೆಲ್ಯೂಟ್ ಹೊಡೆದರು.

ಕೈ ಜೇಬಿನಲ್ಲಿ ಇರಲಿಲ್ಲವೆನ್ನಿ. ಆಮೇಲಿನ ವರ್ಷಗಳಲ್ಲೂ, ಭಾಷಣಕ್ಕೆ ಜನ ಆಕಳಿಸುವ ಹೊತ್ತಿಗೆ ಸರಿಯಾಗಿ ಪಿಸ್ತೂಲು 'ತಾನಾಗಿಯೇ' ಸಿಡಿದುಬಿಡುತ್ತಿತ್ತು. ತಪ್ಪೆಲ್ಲ ಟ್ರಿಗರಿನ ಮೇಲೆ ಹೋಗುತ್ತಿತ್ತು.

ದೊಡ್ಡಪ್ಪ ಒಂದು ಆಷಾಢದಲ್ಲಿ ಹೋದರು... ಪಿಸ್ತೂಲನ್ನು ಠಾಣೆಗೆ ಒಪ್ಪಿಸಲು ದೊಡ್ಡಮ್ಮನ ಜೊತೆ ನಾನೂ ಹೋಗಿದ್ದೆ. "ಮೆತ್ತಗೆ ಮುಟ್ಟಿ ಸಾರ್, ಅದಕ್ಕೆ ಸ್ವಲ್ಪ ಆತುರ," ಅಂದರು ದೊಡ್ಡಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಈಗ ಅವರೂ ಇಲ್ಲ.

ಈ ವರ್ಷದ ಆಟೋಟಕ್ಕೂ ಹೋಗಿದ್ದೆ. ಶಾಮಿಯಾನ ಹಾಕಿದ್ದರು, ಕೂರಲು ಒಳ್ಳೆಯ ಕುರ್ಚಿ ಇತ್ತು. ಓಟಕ್ಕೆ ಸೀಟಿ ಊದಿದರು. ಅದಕ್ಕೆ ಮೊದಲು ಭಾಷಣಗಳಾದವು, ಒಂದಾದ ಮೇಲೊಂದು. ಎಲ್ಲವೂ ಕೊನೆಯವರೆಗೂ ನಡೆದವು.