ಗಾಳಿ ಇಲ್ಲದ ಚಿತ್ರ

ಎಂಬತ್ತರ ದಶಕದಲ್ಲಿ ಬಂಗಾರಪೇಟೆಯ ಒಂದು ಗೊಬ್ಬರದಂಗಡಿಯ ಮಹಡಿಯಲ್ಲಿ ನಾನು ಆರ್ಟ್ ಗ್ಯಾಲರಿ ನಡೆಸುತ್ತಿದ್ದೆ. ಊರಿನವರ ಕಲಾಸಕ್ತಿ ರೈಲಿನ ಕೈಯಲ್ಲಿತ್ತು. ಕೆ.ಜಿ.ಎಫ್. ಪ್ಯಾಸೆಂಜರ್ ತಡವಾದ ದಿನ ಹತ್ತು ಜನ ರಸಿಕರು ನಮ್ಮ ಫ್ಯಾನಿನ ಕೆಳಗೆ ನಿಂತಿರುತ್ತಿದ್ದರು. ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಕಲೆ ಅನಾಥ.

ಅಲ್ಲಿ ಒಮ್ಮೆ ನನ್ನವೇ ಅಮೂರ್ತ ಚಿತ್ರಗಳ ಪ್ರದರ್ಶನ ಏರ್ಪಡಿಸಿದೆ. ಗ್ಯಾಲರಿಯ ಮಾಲೀಕ ಗೋಡೆ ಮಂಜೂರು ಮಾಡಿದ. ಕಲಾ ಇತಿಹಾಸಕಾರ ಮೂರು ಪುಟಗಳ ಪರಿಚಯ ಬರೆದ. ಕಲಾವಿದ ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸಿದ. ಮೂವರೂ ನಾನೇ ಆದ್ದರಿಂದ ಭಿನ್ನಾಭಿಪ್ರಾಯಕ್ಕೆ ಆಸ್ಪದವಿರಲಿಲ್ಲ. ಆದರೆ ಒಳಗೊಳಗೇ ಒಂದು ತೀರ್ಮಾನವಾಗಿತ್ತು: ನಡುಗೋಡೆಯ ದೊಡ್ಡ ಚಿತ್ರ ಚಿತ್ರವಾಗಿ ನಿಲ್ಲದಿದ್ದರೆ ಕುಂಚ ಎತ್ತಿಟ್ಟುಬಿಡುವುದು. ಎರಡು ವರ್ಷ ತಿದ್ದಿದರೂ ಅದರ ಕೆಳಗಿನ ಎಡಮೂಲೆ ಸರಿಹೋಗಿರಲಿಲ್ಲ. ಇತಿಹಾಸಕಾರ ಜಾಣ, ಅದನ್ನೇ ‘ಉದ್ದೇಶಪೂರ್ವಕ ಬಿಗಿತ’ ಎಂದು ಬರೆದುಬಿಟ್ಟಿದ್ದ.

ಯಾವುದೋ ಕಾರ್ಖಾನೆಯ ಅಧಿಕಾರಿಯೊಬ್ಬರು ಆ ಪುಟಗಳನ್ನು ಓದಿ, ಚಿತ್ರಕ್ಕೆ ಬೆನ್ನು ಮಾಡಿಕೊಂಡೇ, “ಬಿಗಿತ ಅದ್ಭುತ!” ಎಂದರು. ನಾನು ನಮಸ್ಕರಿಸಿದೆ. ಇಂಥವರಿಗಾಗಿಯೇ ಅಲ್ಲವೇ ಇಂಥ ಬರಹ.

ಆಮೇಲೆ ಬಂದವನು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ನಕ್ಷೆ ಬರೆದು ನಿವೃತ್ತನಾದ ಮುದುಕ. ಬರಹವನ್ನು ಮುಟ್ಟಲೂ ಇಲ್ಲ. ಕನ್ನಡಕ ಹಣೆಗೇರಿಸಿ, ದೊಡ್ಡ ಚಿತ್ರದ ಕಂದು ಪಟ್ಟಿಗಳ ಮೇಲೆ ಬೆರಳಾಡಿಸುತ್ತ ಮೇಲಿನಿಂದ ಕೆಳಕ್ಕೆ ಬಂದವನು ಎಡಮೂಲೆಯಲ್ಲಿ ನಿಂತ.

“ಯಾವ ಶಾಫ್ಟು ಸಾರ್ ಇದು?”

“ಗಣಿ ಅಲ್ಲ ಯಜಮಾನ್ರೇ, ಅಮೂರ್ತ ಕಲೆ,” ಎಂದೆ, ಮೂರೂ ಹುದ್ದೆಗಳ ಗಾಂಭೀರ್ಯ ಸೇರಿಸಿ.

“ಏನಾನಾ ಆಗ್ಲಿ ಬುಡಿ. ಇಲ್ಲಿಗ್ ಗಾಳಿ ಎಲ್ಲಿಂದ ಬತ್ತದೆ? ಮೂರ್ ಕಡೆನೂ ಮುಚ್ಚಿಬುಟ್ಟಿದ್ದೀರಿ. ಇಳಿದೋನು ಉಸಿರು ಕಟ್ಟಿ ಸಾಯ್ತಾನೆ.”

“ಇದರೊಳಗೆ ಯಾರೂ ಇಳಿಯೋದಿಲ್ಲ.”

“ನಾನ್ ಇಳಿದ್ನಲ್ಲ ಸಾರ್ ಈಗ!”

ಅಷ್ಟರಲ್ಲಿ ಗಾಡಿ ಕೂಗಿತು. ರಸಿಕವೃಂದ ಮೆಟ್ಟಿಲಿಳಿದು ಓಡಿತು, ಅವನೂ ಹೋದ.

ಮಾರನೆಯ ಬೆಳಿಗ್ಗೆ ಚಿತ್ರವನ್ನು ಕೆಳಗಿಳಿಸಿ, ಎಡಮೂಲೆಯ ಕಂದನ್ನು ಚಾಕುವಿನಿಂದ ಕೆರೆದು, ಕ್ಯಾನ್ವಾಸಿನ ಬಿಳುಪು ಕಾಣುವಂತೆ ಮೇಲಿನ ಅಂಚಿನವರೆಗೂ ಒಂದು ಸಣ್ಣ ದಾರಿ ಬಿಡಿಸಿದೆ. ಎರಡು ವರ್ಷದಲ್ಲಿ ಆಗದ್ದು ಅರ್ಧ ಗಂಟೆಯಲ್ಲಿ ಆಯಿತು. ಚಿತ್ರ ನಿಂತಿತು.

ಕುಂಚ ಎತ್ತಿಡಲಿಲ್ಲ. ನನ್ನ ಚಿತ್ರಗಳ ಬಗ್ಗೆ ಬರೆಯುವ ಕೆಲಸದಿಂದ ಮಾತ್ರ ಇತಿಹಾಸಕಾರನನ್ನು ಅಂದೇ ವಜಾ ಮಾಡಿದೆ. ಆತ ಬೇರೆಯವರ ಚಿತ್ರಗಳನ್ನು ಹೊಗಳಿಕೊಂಡು ಬಹುಕಾಲ ಗೌರವದಿಂದ ಬಾಳಿದ.