ಎರಡನೇ ಮಹಡಿಯ ಕೋಣೆಯಲ್ಲಿ ಇನ್ನೂ ನಾನಿದ್ದೆ

ಸ್ವಲ್ಪ ನಿಲ್ಲಿ. ತೆರಿಗೆಯ ವಿಷಯ ಎಂದ ಕೂಡಲೇ ಪುಟ ಮುಚ್ಚುವವರೇ ಜಾಸ್ತಿ ಎಂದು ನನಗೆ ಗೊತ್ತು. ನಾನು ಊರಿನಲ್ಲಿ, ಜೆಪ್ಪುವಿನ ನಮ್ಮ ಮನೆಯಲ್ಲಿ ಇರುವಾಗಲೇ, ಜಪಾನಿನ ಒಂದು ಕೋಣೆಯ ಬಾಗಿಲಲ್ಲಿ ಸರ್ಕಾರಿ ಮನುಷ್ಯನೊಬ್ಬ ನನ್ನನ್ನು ಕಂಡು ಮಾತನಾಡಿಸಿ ಹೋದ. ಆ ಕಥೆ ಬರುವವರೆಗೆ ಕಾಯಿರಿ.

ನಮ್ಮದು ಮೀನುಗಾರಿಕೆಯ ಮನೆತನ. ನಾನು ಬೋಟಿನ ಇಂಜಿನ್ ರಿಪೇರಿ ಕಲಿತು, ಟ್ರೈನಿಯಾಗಿ ಜಪಾನಿನ ಒಂದು ಸಣ್ಣ ಬಂದರಿನಲ್ಲಿ ಮೂರು ವರ್ಷ ಇದ್ದೆ. ಅಲ್ಲಿ ಸಂಬಳದ ಚೀಟಿಯ ಒಂದೊಂದು ಸಾಲನ್ನೂ ಫೋನಿನಲ್ಲಿ ಅನುವಾದಿಸಿ ಓದುವ ಹುಚ್ಚು ಹಿಡಿಯಿತು. ಯಾರೂ ಕಲಿಸಲಿಲ್ಲ, ಆದರೂ ಹಾಸ್ಟೆಲಿನವರೆಲ್ಲ ತಮ್ಮ ಚೀಟಿಗಳನ್ನು ನನಗೇ ತಂದು ಕೊಡುತ್ತಿದ್ದರು. ನಾವು ವಾಸವಿರುವ ಊರಿನ ನಗರಸಭೆಗೆ ಅಲ್ಲಿ ಬೇರೆಯೇ ಒಂದು ತೆರಿಗೆ ಕಟ್ಟಬೇಕು. ಕೊನೆಯ ಸಂಬಳದಲ್ಲಿ ಅದನ್ನು ಒಟ್ಟಿಗೇ ಹಿಡಿದಿದ್ದರು. ಮುಗಿಯಿತು ಎಂದುಕೊಂಡೆ. ಡಿಸೆಂಬರ್ ಕೊನೆಯ ಟಿಕೆಟ್ ದುಬಾರಿ ಎಂದು ಜನವರಿ ಐದಕ್ಕೆ ವಿಮಾನ ಹತ್ತಿದೆ.

ಜೂನ್‌ನಲ್ಲಿ ಒಂದು ಫೋಟೋ ಬಂತು. ನಾನು ಬಿಟ್ಟ ಕೋಣೆಗೆ ಬಂದಿದ್ದ ಇಂಡೋನೇಷ್ಯಾದ ಹೊಸ ಟ್ರೈನಿ ಕಳಿಸಿದ್ದ. ಒಂದು ಲಕೋಟೆ, ಅದರ ಮೇಲೆ ನನ್ನ ಹೆಸರು, ಅದೇ ಕೋಣೆಯ ಸಂಖ್ಯೆ. ಹಳೆಯದಿರಬೇಕು, ಬಿಸಾಡು ಎಂದೆ. ಆಗಸ್ಟ್‌ನಲ್ಲಿ ಇನ್ನೊಂದು ಬಂತು, ಕೆಂಪು ಅಕ್ಷರದ್ದು. ಟಪಾಲು ಪೆಟ್ಟಿಗೆ ತೆಗೆಯಲು ಹೆದರಿಕೆಯಾಗುತ್ತದೆ ಎಂದು ಅವನು ಬರೆದಿದ್ದ.

ಅದೇ ಹೊತ್ತಿಗೆ ನನಗೆ ಜಪಾನಿನಲ್ಲಿ ನಾನು ಟ್ರೈನಿಯಾಗಿದ್ದ ಕಂಪನಿಯಲ್ಲೇ ಪೂರ್ತಿ ಕೆಲಸದ ವೀಸಾ ಮಾಡಿಸುತ್ತಿದ್ದ ಫಳ್ನೀರಿನ ಏಜೆನ್ಸಿಯವರು, ಆ ಊರಿನ ತೆರಿಗೆ ಕಟ್ಟಿದ ಸರ್ಟಿಫಿಕೇಟ್ ಕೇಳಿದರು. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಫೈಲು ವಾಪಸ್, ಕೆಲಸ ಬೇರೆಯವನಿಗೆ.

ಎದುರಿನ ಅಂಗಡಿಯ ಕಾಕ ಇಪ್ಪತ್ತು ವರ್ಷ ದುಬೈಯಲ್ಲಿದ್ದವರು. ಅವರಿಗೆ ಹೇಳಿದೆ.

“ಬಿಟ್ಟು ಬಂದ ಊರಿಗೆ ಎಂತ ಟ್ಯಾಕ್ಸ್ ಮೋನೆ? ನಾವು ಬರುವಾಗ ಪೆಟ್ಟಿಗೆಯ ತೂಕ ಬಿಟ್ರೆ ಬೇರೆಂತದ್ದೂ ಕೇಳ್ಲಿಲ್ಲ.”

“ಅಲ್ಲಿ ಹಾಗಲ್ಲ ಕಾಕ. ಜನವರಿ ಒಂದಕ್ಕೆ ಎಲ್ಲಿ ಇರ್ತೇವೋ ಆ ಊರಿಗೆ, ಹಿಂದಿನ ವರ್ಷದ ಸಂಬಳದ ಮೇಲೆ ಪೂರ್ತಿ ಕಟ್ಬೇಕು. ಅವರು ಸಂಬಳದಲ್ಲಿ ಹಿಡಿದದ್ದು ಅದಕ್ಕಿಂತ ಮುಂಚಿನ ವರ್ಷದ್ದು. ನಾನು ಈಗ ಓದಿದ್ದು.”

“ನೀನು ಐದಕ್ಕೆ ಹೊರಟದ್ದಲ್ವಾ? ಟಿಕೆಟಲ್ಲಿ ಭಾರೀ ಉಳಿಸಿದ್ದಿ ಮಾರಾಯ, ಪಾರ್ಟಿ ಕೊಡು!”

ಮರುದಿನ ಬೆಳಿಗ್ಗೆ ಅಲ್ಲಿನ ನಗರಸಭೆಗೆ ಫೋನ್ ಮಾಡಿದೆ. ಹೆಂಗಸಿನ ದನಿ. ನನಗೆ ಬರುವ ಜಪಾನಿ ಭಾಷೆಯಲ್ಲಿ ಹೆಸರು, ಹುಟ್ಟಿದ ತಾರೀಕು ಹೇಳಿ, ಜನವರಿಯಲ್ಲೇ ಭಾರತಕ್ಕೆ ಬಂದಿದ್ದೇನೆ ಎಂದೆ.

ಆ ಕಡೆ ಕಂಪ್ಯೂಟರ್ ಕೀಲಿಗಳ ಸದ್ದು. “ಇಲ್ಲ, ನೀವು ಕೋಣೆಯಲ್ಲಿದ್ದೀರಿ. ಮಂಗಳವಾರ ನಮ್ಮವರು ಬಂದು ನಿಮ್ಮನ್ನು ಕಂಡಿದ್ದಾರೆ. ಕಾಗದ ನಿಮ್ಮ ಕೈಗೇ ಕೊಟ್ಟಿದ್ದಾರೆ.”

“ಅದು ನಾನಲ್ಲ.”

“ಹೆಸರು ನೋಡಿಯೇ ಕೊಟ್ಟದ್ದು.” ದನಿ ತಗ್ಗಿತು. “ಕ್ಷಮಿಸಿ. ಹಾಗಾದರೆ ಈಗ ಮಾತನಾಡುತ್ತಿರುವ ನೀವು ಯಾರು?”

ಹುಟ್ಟಿದ ತಾರೀಕು, ಪಾಸ್‌ಪೋರ್ಟ್ ಸಂಖ್ಯೆ, ನಾನು ಏನು ಹೇಳಿದರೂ ಅದು ಅಲ್ಲಿರುವ ಆ ಇನ್ನೊಬ್ಬನದೇ ಆಗಿತ್ತು. ಫೋನ್ ಇಟ್ಟುಬಿಟ್ಟೆ.

ಅಡುಗೆಮನೆಯಿಂದ ಅಮ್ಮ ಬಂದರು. “ಎಂತಾಯ್ತು ಮಗ? ಮುಖ ಎಂತಕ್ಕೆ ಹಾಗೆ?”

“ನಾನು ಇನ್ನೂ ಅಲ್ಲೇ ಇದ್ದೇನಂತೆ.”

“ಹಾಗಾದ್ರೆ ಇಲ್ಲಿ ಊಟಕ್ಕೆ ಯಾರನ್ನು ಕರೆಯುದು ನಾನು?” ಎಂದರು, ಆದರೆ ನಗಲಿಲ್ಲ. ಹತ್ತಿರ ಬಂದು ನನ್ನ ಭುಜ ಮುಟ್ಟಿ ನೋಡಿದರು.

ಸಂಜೆ ಆ ಟ್ರೈನಿಗೆ ವಿಡಿಯೋ ಕಾಲ್ ಮಾಡಿದೆ. ಪರದೆಯಲ್ಲಿ ನನ್ನ ಕೋಣೆ, ನಾನೇ ಗೋಡೆಗೆ ಹಾಕಿದ ಕೊಕ್ಕೆ, ನಾನು ಬಿಟ್ಟು ಬಂದ ಕುಕ್ಕರ್. ಅವನು ತೊಟ್ಟಿದ್ದ ನೀಲಿ ಅಂಗಿಯ ಜೇಬಿನ ಮೇಲೆ ನನ್ನ ಹೆಸರು ಹೊಲಿದಿತ್ತು. ನನ್ನ ಹಳೆಯ ಯೂನಿಫಾರ್ಮನ್ನೇ ಕಂಪನಿ ಅವನಿಗೆ ಕೊಟ್ಟಿತ್ತು.

“ನಗರಸಭೆಯವರು ಬಾಗಿಲು ತಟ್ಟಿ ನಿನ್ನ ಹೆಸರು ಹೇಳಿದರು. ನಾನು ಹಾಯ್ ಅಂದೆ” ಎಂದ.

ಅಲ್ಲಿ ‘ಹಾಯ್’ ಎಂದರೆ ಹೌದು. ಆದರೆ ಭಾಷೆ ಬಾರದ ಟ್ರೈನಿಗಳು ನಾವೆಲ್ಲ, ಯಾರು ಏನು ಹೇಳಿದರೂ, ಕೇಳಿಸಿತು ಎನ್ನಲು ಅದನ್ನೇ ಹೇಳುವುದು. ನಾನೂ ಮೊದಲ ವರ್ಷವಿಡೀ ಹೇಳಿದ್ದೆ.

“‘ಅವನು ಇಲ್ಲಿಲ್ಲ’ ಅನ್ನಲು ನಾನು ಪದ ಹುಡುಕುವಷ್ಟರಲ್ಲಿ ಕಾಗದ ಕೊಟ್ಟು ತಲೆಬಾಗಿ ಹೋದರು” ಎಂದ ಅವನು.

ದೇಶ ಬಿಡುವವನು ತನ್ನ ಪರವಾಗಿ ತೆರಿಗೆ ಕಾಗದ ಪಡೆದು ಹಣ ಕಟ್ಟಲು ಅಲ್ಲಿರುವ ಒಬ್ಬರ ಹೆಸರು ಕೊಟ್ಟು ಬರಬೇಕು. ಅಷ್ಟೆಲ್ಲ ಓದಿದ ನಾನು ಆ ಪುಟ ಓದಿರಲಿಲ್ಲ. ಈಗ ಅದರ ಫಾರ್ಮ್ ತೆಗೆದು ಅವನ ಹೆಸರನ್ನೇ ಬರೆದು, ಸಹಿಗೆ ಅವನಿಗೆ ಕಳಿಸಿದೆ. ಆ ಬಾಗಿಲು ತೆಗೆಯುವವನು ಬೇರೆ ಯಾರಿದ್ದಾರೆ?

ಸಹಿ ಹಾಕುವ ಮುಂಚೆ ಅವನು ಕೇಳಿದ: “ಇನ್ನು ನಿನ್ನ ಹೆಸರು ಕರೆದರೆ ನಾನು ಉತ್ತರ ಕೊಡಬಹುದಲ್ಲ?”

“ಕೊಡಲೇಬೇಕು” ಎಂದೆ.

ಹಣ ಕಳಿಸಿದೆ, ಅವನು ಕಟ್ಟಿದ. ಗಡುವಿಗೆ ಮೂರು ದಿನ ಇರುವಾಗ ಸರ್ಟಿಫಿಕೇಟ್ ಬಂತು. “ಎಲ್ಲ ಸರಿ ಉಂಟು” ಎಂದು ಏಜೆನ್ಸಿಯವರು ಫೈಲು ಕಳಿಸಿದರು. ಮೊನ್ನೆ ವೀಸಾ ಆಯಿತು. ಮುಂದಿನ ತಿಂಗಳು ಹೊರಡುತ್ತೇನೆ. ಅದೇ ಹಾಸ್ಟೆಲ್. ಬೇರೆ ಕೋಣೆ ಕೇಳಿದ್ದೇನೆ.

ನೀವೂ ಟ್ರೈನಿಯಾಗಿ ಹೊರದೇಶಕ್ಕೆ ಹೋಗಿ ಬಂದವರಾದರೆ ದಯವಿಟ್ಟು ಬರೆದು ತಿಳಿಸಿ. ಹೊರಡುವಾಗ ಯಾರ ಹೆಸರು ಕೊಟ್ಟು ಬಂದಿರಿ? ನೀವು ಬಂದ ಮೇಲೂ ಅಲ್ಲಿ ಯಾರಾದರೂ ನೀವಾಗಿ ಉಳಿದದ್ದುಂಟೇ?