ಬೀಗ ಹಾಕಿದ್ದ ಎಂಬತ್ತೇಳು ಮನೆ

ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದ ಊರೊಂದರಲ್ಲಿ ಗಂಗಾಲಕ್ಷ್ಮಿ ಆಶಾ ಕಾರ್ಯಕರ್ತೆ. ಓದಿದ್ದು ಹತ್ತನೇ ಕ್ಲಾಸು. ಇಂಗ್ಲಿಷ್ ಅಂದರೆ ಮಾತ್ರೆ ಪಟ್ಟಿಯ ಮೇಲಿನ ಹೆಸರು ಓದುವಷ್ಟು. ಹೋದ ತಿಂಗಳು ಆಕೆ ತಮ್ಮೂರಿನ ಕೆಮ್ಮಿನ ಸರ್ವೆ ಬಗ್ಗೆ ಬಂದ ಹನ್ನೊಂದು ಪುಟದ ಸಂಶೋಧನಾ ಲೇಖನವೊಂದನ್ನು ಕೊನೆಯ ಸಾಲಿನವರೆಗೂ ಓದಿದರು. ಅದನ್ನು ಮೇಜಿಗೆ ಕುಟ್ಟಿ ಕುಟ್ಟಿ ಮಾತಾಡಿದ ತಾಲ್ಲೂಕು ಆರೋಗ್ಯ ಕಚೇರಿಯ ಸಾಹೇಬರು ಓದಿದ್ದು ಮೊದಲ ಪ್ಯಾರಾ ಮಾತ್ರ.

ಹದಿನೈದು ದಿನಕ್ಕೊಮ್ಮೆ, ಗುರುವಾರ, ಗೂಡಿನ ಹತ್ತಿರ ಎದೆ ಪರೀಕ್ಷೆಯ ವ್ಯಾನು ಬಂದು ನಿಲ್ಲುತ್ತದೆ. "ಇಲ್ಲಿ ಕೆಮ್ಮು ಕಡಿಮೆ ಅಂತ ರಿಸರ್ಚೇ ಹೇಳ್ತಿದೆ. ವ್ಯಾನು ಬೇರೆ ಕಡೆ ಹೋಗಲಿ" ಎಂದರು ಸಾಹೇಬರು. "ಸರ್ವೆಯವರ ಜೊತೆ ಮನೆಮನೆ ತಿರುಗಿದ್ದು ನೀವೇ ಅಲ್ವೇನಮ್ಮ? ಮಂಗಳವಾರದ ಮೀಟಿಂಗಿಗೆ ಒಂದು ಪುಟ ಸಾರಾಂಶ ಬರ್ಕೊಂಡ್ಬನ್ನಿ."

ಗಂಗಾಲಕ್ಷ್ಮಿ ಲೇಖನವನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು, ಬಂದದ್ದನ್ನು ಹಾಗೇ ಇಳಿಸಿದರು. ಪಕ್ಕದ ಮನೆಯ ಮುನಿಶಾಮಮ್ಮನಿಗೆ ಓದಿ ಹೇಳಿದರು. ಆಕೆ ಇಪ್ಪತ್ತು ವರ್ಷದಿಂದ ಇಟ್ಟಿಗೆ ಹೊರುವವರು. ಮೂರು ವಾರದಿಂದ ಕೆಮ್ಮು, ಮುಂದಿನ ವ್ಯಾನಿನಲ್ಲಿ ಎಕ್ಸರೇ ತೆಗೆಸಬೇಕು.

"ಪ್ರತಿವಾದಿಗಳಲ್ಲಿ ದೀರ್ಘಕಾಲೀನ ಕೆಮ್ಮಿನ ಪ್ರಮಾಣ ಗಣನೀಯವಾಗಿ ಕಡಿಮೆ…"

"ಪ್ರತಿವಾದೀನಾ? ಯಾರ ಮೇಲಮ್ಮ ಕೇಸು?"

"ಕೇಸಲ್ಲಕ್ಕಾ, ಸರ್ವೆಗೆ ಉತ್ತರ ಕೊಟ್ಟೋರು."

"ಯಾರ್ದೋ ಹಲ್ಲಿನ ಸೆಟ್ಟು ಹಾಕ್ಕೊಂಡು ಮಾತಾಡ್ದಂಗೈತೆ ಕಣೇ. ಸರಿ, ನನ್ನ ಯಾವಾಗ ಕೇಳಿದ್ರು?"

ಗಂಗಾಲಕ್ಷ್ಮಿ ಬರೆದದ್ದನ್ನು ಹರಿದರು. ಈ ಸಲ ಓದಿದ್ದು ಅಂಕಿಗಳ ಕೋಷ್ಟಕದಿಂದ. ಹೋದದ್ದು ಇನ್ನೂರ ಹದಿನಾಲ್ಕು ಮನೆಗೆ, ಕೆಮ್ಮು ಇದ್ದದ್ದು ಆರು ಜನಕ್ಕೆ. ಆರೇನಾ? ಸರ್ವೆ ನಡೆದಾಗ ಹೆಸರು ಹಿಡಿದು ಹೇಳುವಷ್ಟು ಹನ್ನೊಂದು ಜನ ಆಕೆಗೇ ಗೊತ್ತಿದ್ದರು. ಉಳಿದ ಐವರು ಎಲ್ಲಿ ಹೋದರು?

ಒಂಬತ್ತನೇ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಸಿಕ್ಕರು. ಎಂಬತ್ತೇಳು ಮನೆಗೆ ಬೀಗ ಹಾಕಿತ್ತು, ಮತ್ತೆ ಹೋಗಲಾಗಲಿಲ್ಲ, ಈ ಲೆಕ್ಕ ಗೂಡಿನ ಕೆಲಸದವರಿಗೆ ಹೊಂದದೆ ಇರಬಹುದು ಎಂದು ಬರೆದವರೇ ಹೇಳಿದ್ದರು. ಅವರು ಮುಚ್ಚಿಟ್ಟಿರಲಿಲ್ಲ. ಹೇಳಿದ್ದನ್ನು ಓದದೆ, ಬಡವರ ವ್ಯಾನು ಕಿತ್ತುಕೊಳ್ಳಲು ಕಾಗದ ಅಲ್ಲಾಡಿಸುವವರನ್ನು ಏನೆನ್ನಬೇಕು?

ಆದರೆ ಬೀಗ ಯಾಕೆ ಹಾಕಿತ್ತು? ಇದನ್ನು ಕೇಳಿಕೊಂಡಾಗ ಗಂಗಾಲಕ್ಷ್ಮಿಗೆ ನೆನಪಾಯಿತು. ಎಷ್ಟು ಹೊತ್ತಿಗೆ ಬರೋಣ ಎಂದು ಸರ್ವೆಯವರು ಕೇಳಿದ್ದರು. "ಹನ್ನೊಂದಕ್ಕೆ ಬನ್ನಿ" ಎಂದವರು ಈಕೆಯೇ. ಅಷ್ಟೊತ್ತಿಗೆ ತನ್ನ ಅಡುಗೆ ಮುಗಿದಿರುತ್ತದೆ ಅಂತ. ಅಷ್ಟೊತ್ತಿಗೆ ಅರ್ಧ ಊರು ಗೂಡಿನ ಹೊಗೆಯಲ್ಲಿರುತ್ತದೆ.

"ಹನ್ನೊಂದಕ್ಕೆ ಬನ್ನಿ ಅಂದಿದ್ದೊಂದು ಬಿಟ್ಬಿಡು, ಯಾರು ಕೇಳ್ತಾರೆ?" ಅಂದರು ಮುನಿಶಾಮಮ್ಮ.

"ಸರ್ವೆಯವ್ರು ತಮ್ದನ್ನ ಚಿಕ್ಕಕ್ಷರದಲ್ಲಾದ್ರೂ ಬರ್ದವ್ರಲ್ಲಕ್ಕಾ."

ಮಂಗಳವಾರದ ಮೀಟಿಂಗಿನಲ್ಲಿ ಗಂಗಾಲಕ್ಷ್ಮಿ ಎದ್ದುನಿಂತು ಓದಿದರು: "ಈ ಸರ್ವೆ ಕೇಳಿದ್ದು ಬೆಳಗ್ಗೆ ಹನ್ನೊಂದಕ್ಕೆ ಮನೇಲಿದ್ದವರನ್ನ. ಅವರಲ್ಲಿ ಕೆಮ್ಮು ಕಡಿಮೆ, ಅದು ನಿಜ. ಎಂಬತ್ತೇಳು ಮನೆಗೆ ಬೀಗ ಇತ್ತು. ಅವು ಬಹುಪಾಲು ಗೂಡಿಗೆ ಹೋಗುವವರ ಮನೆ. ಅವರಲ್ಲಿ ಎಷ್ಟು ಜನಕ್ಕೆ ಕೆಮ್ಮು ಅಂತ ಈ ಲೇಖನಕ್ಕೆ ಗೊತ್ತಿಲ್ಲ, ನನಗೂ ಪೂರ್ತಿ ಗೊತ್ತಿಲ್ಲ. ಹನ್ನೊಂದಕ್ಕೆ ಬನ್ನಿ ಅಂದವಳು ನಾನು."

"ಹಂಗಾದ್ರೆ ತಪ್ಪು ನಿಮ್ದೇ ಆಯ್ತಲ್ಲಮ್ಮ!" ಸಾಹೇಬರಿಗೆ ದಾರಿ ಸಿಕ್ಕಿತ್ತು.

"ಹೌದು ಸಾರ್. ನನ್ನ ತಪ್ಪಿಗೆ ವ್ಯಾನ್ ಯಾಕೆ ಹೋಗ್ಬೇಕು?"

ಸಾಹೇಬರ ಪಕ್ಕದಲ್ಲಿದ್ದ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಒಂಬತ್ತನೇ ಪುಟ ತೆಗೆಯಿರಿ ಎಂದರು. ಸಾಹೇಬರ ಪ್ರತಿಯಲ್ಲಿ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬೀಗ ಹಾಕಿದ್ದ ಮನೆಯವರನ್ನು ಕೇಳಿ ಮುಗಿಸುವವರೆಗೆ ವ್ಯಾನು ನಿಲ್ಲಿಸಬಾರದು ಎಂದು ತೀರ್ಮಾನವಾಯಿತು. ಕೇಳುವ ಕೆಲಸ ಗಂಗಾಲಕ್ಷ್ಮಿಯ ತಲೆಗೇ ಬಿತ್ತು.

ಊರಿಗೆ ಬಂದವರೇ ಮುನಿಶಾಮಮ್ಮನ ಬಾಗಿಲಿಗೆ ಹೋದರು. "ಎಷ್ಟೊತ್ತಿಗೆ ಬರ್ಲಿ ಅಕ್ಕಾ?"

"ಸಂಜೆ ಏಳಕ್ಕೆ ಬಾ, ಮುದ್ದೆಗೆ ಎಸರಿಡೋ ಹೊತ್ತು. ಎಲ್ರೂ ಇರ್ತೀವಿ." ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡರು. "ಪ್ರತಿವಾದಿ ಅಂತ ಕೂಗಿದ್ರೆ ಮಾತ್ರ ಬಾಗ್ಲು ತೆಗ್ಯಲ್ಲ ನೋಡು."